ಅಮಿಗ್ಡಲಾ ಅಂದ್ರೆ ಯಾರು?

ಹುಡುಗಿಗೆ ತಾಳ್ಮೆ ಇರಲಿಲ್ಲ. ಮನಃಶಾಸ್ತ್ರ ಪದವಿಯ ಕೊನೆಯ ವರ್ಷದ ಅವಳಿಗೆ ಮೆದುಳಿನ ಭಾಗಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಕೌಟುಂಬಿಕ ಸಹಾಯವಾಣಿಯಲ್ಲಿ ತನ್ನ ಮೊದಲ ಕರೆಯನ್ನು ಸರಿಯಾಗಿ ನಿಭಾಯಿಸಿದರೆ ಅಲ್ಲೇ ಕೆಲಸ ಸಿಗುತ್ತಿತ್ತು.

"ಬಾಯಿ ಮುಚ್ಕೊಂಡು ಕೇಳಿಸ್ಕೊ, ತಾಯಿ," ಎಂದು ಮೇಲ್ವಿಚಾರಕಿ ಕೈಮುಗಿದಿದ್ದರು.

"ನಮ್ಮ ಮನೆಯವರು ಮಾತೆತ್ತಿದ್ರೆ ಸಿಡುಕ್ತಾರಮ್ಮ," ಎಂದು ಆ ಕಡೆಯಿಂದ ಹೆಂಗಸೊಬ್ಬಳು ಅತ್ತಳು.

ಸಿಟ್ಟು ಕೆರಳಿಸುವ, ಬಾದಾಮಿಯಷ್ಟು ದಪ್ಪದ ಮೆದುಳಿನ ಭಾಗ ಹುಡುಗಿಗೆ ನೆನಪಾಯಿತು. "ಅವರದ್ದೇನೂ ತಪ್ಪಿಲ್ಲ, ಆಂಟಿ. ಎಲ್ಲಾ ಅಮಿಗ್ಡಲಾ ಮಾಡಿಸೋದು."

"ಯಾರೇ ಅವಳು?"

"ಹುಟ್ಟಿದಾಗಿಂದ ಅವರ ತಲೇಲೇ ಇರೋದು."

"ಅಂದ್ರೆ ನನ್ನ ಕಟ್ಕೊಳ್ಳೋಕೆ ಮುಂಚಿಂದ್ಲೂನಾ? ತಾಳು, ಇವತ್ತು ಗ್ರಹಚಾರ ಬಿಡಿಸ್ತೀನಿ!"

ಫೋನು ಕುಕ್ಕಿದ ಸದ್ದಾಯಿತು. ಮೇಲ್ವಿಚಾರಕಿ ಹುಡುಗಿಯ ಕಿವಿಯಿಂದ ಹೆಡ್‌ಫೋನ್ ಕಳಚಿದರು.

ಆ ಒಂದು ಕರೆಯಲ್ಲಿ ಹೋದದ್ದು ಒಂದು ಕೆಲಸ, ಮತ್ತು ಏನೂ ಅರಿಯದ ಗಂಡಸೊಬ್ಬನ ರಾತ್ರಿಯೂಟ.