ನಡುಗೋಡೆಯ ಎರಡು ಸದ್ದು

ಚಿದ್ರಿಯ ಆ ಎರಡು ಮನೆಗಳಿಗೆ ನಡುಗೋಡೆ ಒಂದೇ. ಆಚೆ ಕುಲಸುಮಬೀ ಎಂಬ ಒಂಟಿ ಮುದುಕಿ, ಈಚೆ ಹೊಸದಾಗಿ ಮದುವೆಯಾಗಿ ಬಂದ ಶಿವಕಾಂತಾ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್ ಆದ್ದರಿಂದ ಹಗಲೇ ಅವಳಿಗೆ ರಾತ್ರಿ. ಮಧ್ಯಾಹ್ನ ಕಣ್ಣು ಹತ್ತುವ ಹೊತ್ತಿಗೆ ಸರಿಯಾಗಿ ಗೋಡೆ ಸದ್ದು ಮಾಡುತ್ತಿತ್ತು. ಮೊದಲು ಧಡ್ ಎಂದು ದಪ್ಪ ಸದ್ದು, ಸ್ವಲ್ಪ ತಡೆದು ಟಣ್ ಎಂದು ತೆಳು ಸದ್ದು. ಅಷ್ಟೇ. ಆಮೇಲೆ ಓಣಿಯೆಲ್ಲ ತಣ್ಣಗಿದ್ದರೂ ಹಾರಿದ ನಿದ್ದೆ ಮರಳುತ್ತಿರಲಿಲ್ಲ.

ಒಂದು ರಾತ್ರಿ ಒಬ್ಬರಿಗೆ ಕೊಡಬೇಕಾದ ಇಂಜೆಕ್ಷನ್ನು ಇನ್ನೊಬ್ಬರ ತೋಳಿಗೆ ಚುಚ್ಚುವುದರಲ್ಲಿದ್ದಳು. ಜೊತೆಯವಳು ಕೈ ಹಿಡಿದಳು. ಬೆಳಿಗ್ಗೆ ಶಿವಕಾಂತಾ ಗಂಡನಿಗೆ ಹೇಳಿದಳು:

"ಈ ಗ್ವಾಡಿಗಿ ಏನರೆ ಮಾಡ್ರಿ. ಇಲ್ಲಾಂದ್ರ ನನ್ನ ಕೈಲೆ ಒಂದು ಜೀವ ಹೋಗ್ತದ."

ಕೈಲಾಶ ಭಾಲ್ಕಿಯ ತೊಗರಿ ಅಡತಿ ಅಂಗಡಿಗೆ ಕೆಲಸಕ್ಕೆ ಹೋಗುವ ಬಸ್ಸಿನ ಗಡಿಬಿಡಿಯಲ್ಲಿದ್ದ. "ಚಿಂತಾಕಿ ಊರಿನ ಹೊಲದಾಗ ಬೆಳೆದಾಕಿ ನೀ. ನಿನಗ ಗುಬ್ಬಿ ಕೆಮ್ಮಿದರೂ ಎಚ್ಚರ ಆಗ್ತದ."

ಅವಳು ನಗಲಿಲ್ಲ. "ಮುದುಕಿಗಿ ನಾನೇ ಹೇಳ್ಲೇನು?"

"ಬ್ಯಾಡ. ನಮ್ಮವ್ವನ ಗೆಳತಿ ಆಕಿ, ನೊಂದ್ಕೋತಾಳ."

ಕೈಲಾಶ ಕಳಿಸಿದ ಖಾಲಿದ ಎಂಬ ಕೆಲಸದವನು ಬಂದು ಗೋಡೆಯುದ್ದಕ್ಕೂ ಚೌಕಟ್ಟು ಹೊಡೆದ. ಒಳಗೆ ಉಣ್ಣೆಯಂಥದ್ದು ತುಂಬಿ, ಮೇಲೆ ಬೋರ್ಡು ಮುಚ್ಚಿ, ಸಂದುಗಳಿಗೆಲ್ಲ ಪುಟ್ಟಿ ಮೆತ್ತಿದ. "ಇನ್ನ ಆ ಕಡೆ ಬ್ಯಾಂಡ್ ಬಾರಿಸಿದರೂ ಗೊತ್ತಾಗಂಗಿಲ್ಲರಿ ಅಕ್ಕೋರ," ಎಂದು ಹೋದ.

ಮರುದಿನ ದಪ್ಪ ಸದ್ದು ಬರಲಿಲ್ಲ. ಶಿವಕಾಂತಾ ನೆಮ್ಮದಿಯಿಂದ ಹೊದಿಕೆ ಎಳೆದುಕೊಂಡಳು.

ಟಣ್.

ಎದ್ದು ಬೋರ್ಡಿಗೆ ಕಿವಿ ಹಚ್ಚಿದಳು. ಟಣ್. ಬೋರ್ಡು ಅವಳ ಕೆನ್ನೆಗೆ ತಾಗಿ ನಡುಗಿತು. ಬಡಿತ ಆಚೆಯದಲ್ಲ, ಕೋಣೆಯೊಳಗಿನದು, ಅವಳ ಪಕ್ಕದಲ್ಲೇ. ಮೊದಲು ಒಮ್ಮೆ ಬಡಿದು ಸುಮ್ಮನಾಗುತ್ತಿದ್ದುದು ಈಗ ಸಂಜೆಯ ತನಕ ನಿಲ್ಲಲಿಲ್ಲ. ಮರುದಿನವೂ ಅದೇ, ಅದರ ಮರುದಿನವೂ ಅದೇ.

ಕೊನೆಗೆ ಪಕ್ಕದ ಮನೆಗೆ ಹೋದಳು. ಕುಲಸುಮಬೀ ಕಬ್ಬಿಣದ ಕುಟ್ಟಾಣಿಯನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಯನ್ನೇ ನೋಡುತ್ತ ಕೂತಿದ್ದಳು.

"ಖಾಲಾ, ನೀವು ಎರಡು ಸಾಮಾನಲೆ ಗ್ವಾಡಿ ಬಡೀತೀರೇನ್ರಿ?"

"ಎರಡ್ಯಾಕ ಬೇಟಿ? ಇದೊಂದೇ. ನಮಾಜ್ ಮುಗಿಸಿ ಬಡೀತೀನಿ, ಇದ್ದೀಯೇನ ಕಾಂತಾಬಾಯಿ ಅಂತ ನಿಮ್ಮತ್ತಿಗಿ ಕೇಳ್ತೀನಿ. ಆಕಿ ತಂಬಿಗಿಲೆ ಬಡೀತಾಳ, ಇದ್ದೀನಿ ಅಂತ. ಹಗಲೊತ್ತು ಇಬ್ಬರೂ ಒಬ್ಬೊಬ್ಬರೇ. ಯಾರರೆ ಸತ್ತು ಬಿದ್ದರ ಇನ್ನೊಬ್ಬರಿಗಿ ಗೊತ್ತಾಗಬ್ಯಾಡೇನು?"

"ಅತ್ತಿ ಹೋಗಿ ವರ್ಷ ಆತಲ್ರಿ."

"ಮಣ್ಣಿಗಿ ನಾನೂ ಬಂದಿದ್ನಲ್ಲ," ಎಂದಳು ಮುದುಕಿ. "ಆದ್ರ ಮರುದಿನಾನೂ ಓ ಅಂದ್ಳು. ಈಗ ನಾಕ ದಿನದಿಂದ ಸುಮ್ಮ ಆಗ್ಯಾಳ. ಸಿಟ್ಟಾಗ್ಯಾಳೇನೋ."

ಅತ್ತೆಯ ಆ ತಂಬಿಗೆಯನ್ನು ಭಾಲ್ಕಿಯ ನಾದಿನಿ ಎಂದೋ ಒಯ್ದಿದ್ದಳು.

"ಖಾಲಾ, ನಾ ಮನಿಗಿ ಹೋದ ಸ್ವಲ್ಪ ಹೊತ್ತಿಗಿ ಇನ್ನೊಮ್ಮೆ ಬಡೀರಿ," ಎಂದು ಶಿವಕಾಂತಾ ಎದ್ದಳು.

ಕೋಣೆಯಲ್ಲಿ ಟಣ್ ಟಣ್ ನಡೆದೇ ಇತ್ತು. ಆಚೆಯವಳು ಸತ್ತಳೋ ಎಂಬ ಗಾಬರಿ ಅದರಲ್ಲಿತ್ತು. ಚೂರಿಯಿಂದ ಬೋರ್ಡು ಕೊಯ್ದಳು, ತುಂಬಿದ್ದ ಉಣ್ಣೆಯನ್ನು ಹಿಡಿಹಿಡಿಯಾಗಿ ಕಿತ್ತಳು. ಒಳಗೆ ಹಳೆಯ ಗಾರೆಯ ಮೇಲೊಂದು ಕುಳಿ, ತಂಬಿಗೆಯ ಅಂಚಿನಂತೆ ಬಾಗಿದ್ದು.

ಧಡ್.

ಕೋಣೆಯ ಸದ್ದು ಗಕ್ಕನೆ ನಿಂತಿತು. ಸ್ವಲ್ಪ ತಡೆದು, ಒಂದೇ ಸಲ: ಟಣ್.

ಆಮೇಲೆ ಏನೂ ಇಲ್ಲ. ಶಿವಕಾಂತಾ ಗೋಡೆಗೆ ಬೆನ್ನು ಹಾಕದೆ, ಅದರತ್ತ ಮುಖ ಮಾಡಿ ಮಲಗಿದಳು. ಸಂಜೆ ಕೈಲಾಶ ಬಂದು ಬೋರ್ಡಿನ ತೂತು ನೋಡಿ ಕೂಗಾಡಿದರೂ ಅವಳಿಗೆ ಎಚ್ಚರವಾಗಲಿಲ್ಲ. ಪಾಳಿಗೆ ಹೊತ್ತಾಯಿತೆಂದು ತೋಳು ಹಿಡಿದು ಅಲುಗಾಡಿಸಿ ಎಬ್ಬಿಸಬೇಕಾಯಿತು.