ಕಣ್ಣಾರೆ ಕಂಡವಳು

ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುವವರಿಗೆ ಜನ ಒಳ್ಳೆಯ ಅಡ್ಡಹೆಸರು ಇಡುವುದಿಲ್ಲ. ಈಕೆಗೆ ಬರೀ ‘ಚೆಕಿಂಗಮ್ಮ’ ಎಂದಿಟ್ಟು ಬಿಟ್ಟಿದ್ದು ಅವಳ ಪುಣ್ಯ. ಬಸ್ಸು ಹತ್ತಿದ ಕೂಡಲೇ ಸಾಲಾಗಿ ಮುಖಗಳನ್ನು ನೋಡಿ, ಯಾರ ಹತ್ತಿರ ಟಿಕೆಟ್ ಇಲ್ಲ ಎಂದು ಹೇಳಬಲ್ಲೆ ಎಂಬ ಹಮ್ಮು ಅವಳದು. ಮನೆಯಲ್ಲೂ ಅದೇ ಕಣ್ಣು. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ. ನೆಂಟರು ಫೋನ್ ಮಾಡಿ ಆರೋಗ್ಯ ವಿಚಾರಿಸಿದರೆ ಅವರಿಗೆ ಏನೋ ಬೇಕಾಗಿದೆ. ಮುಕ್ಕಾಲು ಪಾಲು ಅವಳ ಅನುಮಾನ ನಿಜವೇ ಆಗುತ್ತಿತ್ತು, ತೊಂದರೆಯಿದ್ದದ್ದೇ ಅಲ್ಲಿ. ಸುಳ್ಳಾದ ಕಾಲು ಪಾಲಿನ ನೆನಪನ್ನು ಅವಳು ಇಟ್ಟುಕೊಂಡವಳಲ್ಲ.

ಇಂಥವಳ ತಮ್ಮ ಶಿಲುಬೆಯ ಮೇಲಿಂದ ಬಿದ್ದ.

ಚರ್ಚಿನ ಅಂಗಳದಲ್ಲಿ ವರ್ಷಕ್ಕೊಮ್ಮೆ ಯೇಸುವಿನ ಪಾಡಿನ ನಾಟಕ ಆಡುತ್ತಾರೆ. ಅವಳ ತಮ್ಮ ಗೋಡೆಗೆ ಬಣ್ಣ ಬಳಿಯುವವನು, ಏಣಿಯ ಮೇಲೇ ಬೆಳೆದವನು. ತೆಳ್ಳಗಿದ್ದಾನೆ, ಗಡ್ಡ ಚೆನ್ನಾಗಿ ಬರುತ್ತದೆ ಎಂದು ಅವನಿಗೇ ಯೇಸುವಿನ ಪಾತ್ರ. ಶಿಲುಬೆಗೆ ಹಾಕುವ ನಾಲ್ವರು ಸೈನಿಕರು ಯಾರೆಂದು ಮಾತ್ರ ಹೊರಗಿನವರಿಗೆ ಗೊತ್ತಾಗಬಾರದು. ಹಿಂದೊಮ್ಮೆ ಮೊಳೆ ಹೊಡೆದ ಪಾತ್ರಧಾರಿಯ ದಿನಸಿ ಅಂಗಡಿಗೆ ಜನ ಕಾಲಿಡುವುದನ್ನೇ ಬಿಟ್ಟಿದ್ದರಂತೆ. ಅಂದಿನಿಂದ ಗಂಡಸರೆಲ್ಲ ಮುಚ್ಚಿದ ಬಾಗಿಲ ಹಿಂದೆ ಕಡ್ಡಿ ಎತ್ತುತ್ತಾರೆ. ಗಿಡ್ಡ ಕಡ್ಡಿ ಬಂದ ನಾಲ್ವರು ಮುಖ ಮುಚ್ಚುವ ಶಿರಸ್ತ್ರಾಣ ಹಾಕಿಕೊಂಡು, ಹೆಂಡತಿಗೂ ಹೇಳುವುದಿಲ್ಲ ಎಂದು ಬೈಬಲ್ ಮುಟ್ಟಿ ಪ್ರಮಾಣ ಮಾಡುತ್ತಾರೆ. ಯಾರ ಮೇಲೂ ಅಪವಾದ ಬರಬಾರದೆಂದು ಮಾಡಿಕೊಂಡ ಏರ್ಪಾಡು ಅದು.

ಶಿಲುಬೆಯ ಮೇಲಿರುವವನಿಗೆ ಕೈಯಲ್ಲಿ ಹಿಡಿಯಲು ಮರದ ಗೂಟ, ಕಾಲಿಗೆ ಒಂದು ಹಲಗೆ, ಬಟ್ಟೆಯೊಳಗೆ ಸೊಂಟಕ್ಕೆ ಒಂದು ಬೆಲ್ಟ್. ಬೆಲ್ಟನ್ನು ಹಿಂದಿನ ಕೊಂಡಿಗೆ ಬಿಗಿಯುವುದು ಸೈನಿಕರಲ್ಲೊಬ್ಬನ ಕೆಲಸ. ಈ ವರ್ಷ ಬಿಸಿಲು ನೆತ್ತಿ ಸುಡುತ್ತಿತ್ತು. ಅವಳ ತಮ್ಮ ಕೊನೆಯ ಮಾತು ಮುಗಿಸಿ ತಲೆ ವಾಲಿಸಿದ, ಜನ ಅಳತೊಡಗಿದರು, ಅಷ್ಟರಲ್ಲಿ ಅವನು ಮೂಟೆಯಂತೆ ಕೆಳಗೆ ಬಿದ್ದ. ಸೊಂಟದ ಮೂಳೆ, ತೊಡೆಯ ಮೂಳೆ ಎರಡೂ ಮುರಿದವು. ನಡೆಯಬಹುದು, ಏಣಿ ಹತ್ತುವುದನ್ನು ಮಾತ್ರ ಮರೆತುಬಿಡಿ ಎಂದರು ಡಾಕ್ಟರು.

ಆಸ್ಪತ್ರೆಯ ಬಾಗಿಲಲ್ಲಿ ಇಡೀ ಚರ್ಚೇ ನೆರೆದಿತ್ತು. ಚೆಕಿಂಗಮ್ಮ ಎದೆ ಬಡಿದುಕೊಂಡು ಕೂಗಿದಳು: “ಹಲಗೆ ಕಿತ್ತು ಬಂತು! ನಾನೇ ಕಣ್ಣಾರೆ ಕಂಡೆ! ಆ ಬಡಗಿ ಹಾಳು ಮರ ಹಾಕಿ ನನ್ನ ತಮ್ಮನ ಬಾಳಿಗೆ ಮಣ್ಣು ಹಾಕಿದ!”

ಮಾತು ಕಾಳ್ಗಿಚ್ಚಿನಂತೆ ಹಬ್ಬಿತು. ಮರುದಿನದಿಂದಲೇ ಬಡಗಿ ಮೇಸ್ತ್ರಿಗೆ ಕೊಟ್ಟ ಕೆಲಸಗಳನ್ನು ಜನ ವಾಪಸು ಪಡೆಯತೊಡಗಿದರು.

ಫಾದರ್ ಆಸ್ಪತ್ರೆಗೆ ಬಂದವರು ಮಂಚದ ಪಕ್ಕ ಪ್ರಾರ್ಥನೆ ಮಾಡಿ, “ದೇವರ ಚಿತ್ತ ತಾಯಿ. ಒಬ್ಬರ ಮೇಲೆ ಹೊರಿಸೋದು ಬೇಡ” ಎಂದರು. ಅವಳಿಗೆ ಕೂಡಲೇ ಅನುಮಾನ ಬಂತು. ತಪ್ಪು ತಂತಮ್ಮ ಕಾಲಬುಡಕ್ಕೆ ಬಂದಾಗಲೇ ಈ ಜನಕ್ಕೆ ದೇವರ ಚಿತ್ತ ನೆನಪಾಗುವುದು.

“ಹಲಗೆ ಹೊಡೆದಿದ್ದು ದೇವರಲ್ಲ ಫಾದರ್, ಬಡಗಿ.”

“ಹಾಗಲ್ಲಮ್ಮ...”

“ನಂಗೊಂದು ಹೇಳಿ. ಯೇಸು ಸಾಯೋದು ದೇವರ ಸಂಕಲ್ಪವೇ ಆಗಿದ್ರೆ, ಹಿಡಿದುಕೊಟ್ಟ ಯೂದನಿಗೆ ವರ್ಷಾ ವರ್ಷಾ ಯಾಕೆ ಉಗೀತೀರಿ? ಪಾಪ, ಅವನು ದೇವರ ಕೆಲಸಾನೇ ಸಲೀಸು ಮಾಡಿಕೊಟ್ಟನಲ್ಲ!”

ಫಾದರ್ ಸಿಟ್ಟಾಗಲಿಲ್ಲ. “ದೇವರು ಅದರಿಂದಲೇ ನಮಗೆ ರಕ್ಷಣೆ ತಂದ. ಹಾಗಂತ ಯೂದ ಮಾಡಿದ್ದು ಒಳ್ಳೇದಾಗಿಬಿಡಲ್ಲ. ಸಂಕಲ್ಪ ದೇವರದು, ಪಾಪ ಅದನ್ನು ಮಾಡಿದವರದು. ಎರಡೂ ನಿಜ” ಎಂದರು.

ಎರಡು ದೋಣಿಯ ಮೇಲೆ ಕಾಲಿಡುವ ಮಾತಿದು ಎಂದುಕೊಂಡಳು ಚೆಕಿಂಗಮ್ಮ. ಟಿಕೆಟ್ ಇದೆ, ಆದರೆ ಮನೆಯಲ್ಲಿದೆ ಎನ್ನುವವರ ಹಾಗೆ.

ಶಿಲುಬೆ ಮಾತ್ರ ಇನ್ನೂ ಬಡಗಿಯ ಶೆಡ್ಡಿನಲ್ಲೇ ಇತ್ತು. ಅವನು ಹೊಸ ಹಲಗೆ ಹೊಡೆದು ಸಾಕ್ಷಿಯನ್ನೇ ಅಳಿಸಿಹಾಕಿದರೆ? ಹೊಳೆದದ್ದೇ ತಡ, ಡ್ಯೂಟಿ ಮುಗಿಸಿದವಳು ಸಮವಸ್ತ್ರದಲ್ಲೇ ಅತ್ತ ನಡೆದಳು.

ಶೆಡ್ಡಿನ ಷಟರ್ ಅರ್ಧ ಇಳಿದಿತ್ತು. ಒಳಗೆ ಮುಗಿಯದ ಬಾಗಿಲ ಚೌಕಟ್ಟುಗಳು ಗೋಡೆಗೊರಗಿದ್ದವು, ಉಜ್ಜುಗೊರಡಿನ ಮೇಲೆ ಧೂಳು ಕೂತಿತ್ತು. ಮೇಸ್ತ್ರಿ ಒಂದು ಸ್ಟೂಲಿನ ಮೇಲೆ ಸುಮ್ಮನೆ ಕುಳಿತಿದ್ದ. ಇವಳನ್ನು ಕಂಡು ಏಳಲಿಲ್ಲ.

“ಬಾ ತಾಯಿ. ಕಣ್ಣಾರೆ ಕಂಡಿದ್ದನ್ನ ಇನ್ನೊಂದು ಸಲ ನೋಡ್ಕೊಂಡು ಹೋಗು” ಎಂದು ಮೂಲೆಯತ್ತ ಕೈ ತೋರಿಸಿದ.

ಹಲಗೆ ಶಿಲುಬೆಯಲ್ಲೇ ಇತ್ತು. ಹೊಸದಾಗಿ ಹೊಡೆದಿರಬೇಕು ಎಂದು ಬಗ್ಗಿ ನೋಡಿದಳು. ರಕ್ತದ ಹಾಗೆ ಕಾಣಲೆಂದು ನಾಟಕಕ್ಕೆ ಮೊದಲು ತಮ್ಮನೇ ಬಳಿದ ಕೆಂಪು ಬಣ್ಣ ಹಲಗೆಯಿಂದ ಕಂಬಕ್ಕೆ ಹರಿದು ಒಣಗಿತ್ತು. ಕೂಡಿದ ಜಾಗದಲ್ಲಿ ಒಂದು ಕೂದಲೆಳೆಯಷ್ಟೂ ಬಿರುಕಿಲ್ಲ. ಅವಳು ಎಳೆದಳು, ಒದ್ದಳು. ಮೇಸ್ತ್ರಿ ಎದ್ದುಬಂದು ಶಿಲುಬೆಯನ್ನು ಓರೆಯಾಗಿ ಹಿಡಿದುಕೊಂಡ. ಅವಳು ಹಲಗೆಯ ಮೇಲೆ ಎರಡೂ ಕಾಲಿಟ್ಟು ನಿಂತಳು. ಹಲಗೆ ಜಪ್ಪಯ್ಯ ಅನ್ನಲಿಲ್ಲ.

ಅವಳು ಕೆಳಗಿಳಿದಳು. ಆ ದಿನ ಕಂಡದ್ದೇನು? ಏನೂ ಕಂಡಿರಲಿಲ್ಲ. ಒಡಹುಟ್ಟಿದವನಿಗೆ ಮೊಳೆ ಹೊಡೆಯುವುದನ್ನು ನೋಡಲಾರದೆ ಪ್ರತಿ ವರ್ಷವೂ ಆ ಹೊತ್ತಿನಿಂದ ಅವನನ್ನು ಕೆಳಗಿಳಿಸುವವರೆಗೂ ಅವಳು ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದಳು. ಈ ವರ್ಷವೂ ಮುಚ್ಚಿಕೊಂಡಿದ್ದಳು. ಸದ್ದು ಕೇಳಿ ಕಣ್ಣು ಬಿಟ್ಟಾಗ ತಮ್ಮ ನೆಲದ ಮೇಲಿದ್ದ. ಹಲಗೆ ಕಿತ್ತಿರಬೇಕು ಅನ್ನಿಸಿತು. ಅನ್ನಿಸಿದ್ದು ಬಾಯಿಗೆ ಬರುವಷ್ಟರಲ್ಲಿ ಕಂಡದ್ದಾಗಿತ್ತು.

ಆದರೂ ಅವಳು ಅವಳೇ. “ಹಾಗಾದ್ರೆ ಬಿದ್ದಿದ್ದು ಹೇಗೆ?” ಎಂದಳು.

“ಬೆಲ್ಟ್ ಬಿಗಿದಿದ್ರೆ, ಹಲಗೆ ಕಿತ್ತು ಬಂದ್ರೂ ಯಾರೂ ಬೀಳಲ್ಲ.”

“ಬಿಗೀಬೇಕಾಗಿದ್ದೋರು ಯಾರು?”

“ಅದೊಂದು ನನ್ನ ಕೇಳ್ಬೇಡ. ಪ್ರಮಾಣ ಮಾಡಿದೀನಿ.”

“ಓಹೋ! ಆ ನಾಲ್ವರಲ್ಲಿ ನೀನೂ ಒಬ್ಬ!”

ಮೇಸ್ತ್ರಿ ಮತ್ತೆ ಸ್ಟೂಲಿನ ಮೇಲೆ ಕುಳಿತ.

ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಅವಳ ಅನುಮಾನ ಊರೆಲ್ಲ ಸುತ್ತಿತು. ಮೇಸ್ತ್ರಿಯೇ ಬಿಗಿಯದೆ ಬಿಟ್ಟನೆ? ಅವನಾಗಿದ್ದರೆ ಹಲಗೆ ತೋರಿಸಿ ಬೆಲ್ಟಿನ ಮಾತು ತಾನಾಗಿ ಎತ್ತುತ್ತಿದ್ದನೆ? ಮುಂದಿನ ಸೀಟಿನಲ್ಲಿದ್ದ ಒಬ್ಬ ಇವಳ ಸಮವಸ್ತ್ರ ನೋಡಿದ್ದೇ ತಟ್ಟನೆ ಎದ್ದು, “ಕೂತ್ಕೊಳಿ ಮೇಡಂ” ಎಂದ. ಟಿಕೆಟ್ ಇಲ್ಲದವನೇ ಎಲ್ಲರಿಗಿಂತ ಮೊದಲು ಸೀಟು ಬಿಟ್ಟುಕೊಡುವವನು; ಇದು ಅವಳ ಕಸುಬು ಕಲಿಸಿದ ಮೊದಲ ಪಾಠ. ಕುಳಿತವಳಿಗೆ ಇದ್ದಕ್ಕಿದ್ದಂತೆ ಗಂಡನ ನೆನಪಾಯಿತು.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮದುವೆಯಾದಂದಿನಿಂದ ಭಾಮೈದನೊಂದಿಗೆ ಅವನದು ಅಷ್ಟಕ್ಕಷ್ಟೇ. ಈಗ ನೋಡಿದರೆ ಬೆಳಿಗ್ಗೆ ಸಂಜೆ ಊಟದ ಡಬ್ಬಿ ಹೊತ್ತು ತರುವವನು ಅವನೇ, ಗಡ್ಡ ಬೋಳಿಸುವವನು ಅವನೇ, ನರ್ಸು ಬರುವ ಮೊದಲೇ ಹಾಸಿಗೆಯ ಕೆಳಗಿನ ಪಾತ್ರೆ ತೆಗೆಯುವವನೂ ಅವನೇ. ನನ್ನ ಗಂಡ ಎಷ್ಟು ಒಳ್ಳೆಯವನು ಎಂದು ಅವಳು ಕಣ್ಣೊರೆಸಿಕೊಂಡಿದ್ದುಂಟು. ನಾಟಕದ ದಿನ ಎಲ್ಲಿದ್ದಿರಿ ಎಂದು ಕೇಳಿದಾಗ ‘ಶಿಲುಬೆಗೆ ಹಾಕಿ ಅಂತ ಕೂಗೋರ ಗುಂಪಲ್ಲಿದ್ದೆ’ ಅಂದಿದ್ದ. ಹಿಂದಿನ ವರ್ಷ ಆ ಗುಂಪಿನಲ್ಲಿ ಕೂಗಿ ಅವನ ಗಂಟಲು ಕಟ್ಟಿತ್ತು. ಈ ವರ್ಷ ಅವನ ಗಂಟಲು ಗಂಟೆಯ ಹಾಗಿತ್ತು.

ವಾರ್ಡಿನಲ್ಲಿ ಗಂಡ ಭಾಮೈದನ ದಿಂಬು ಸರಿಮಾಡುತ್ತಿದ್ದ. ಅವಳು ಬ್ಯಾಗನ್ನೂ ಕೆಳಗಿಡಲಿಲ್ಲ.

“ರೀ, ಬೆಲ್ಟ್ ಬಿಗೀಬೇಕಾಗಿದ್ದೋರು ನೀವಾ?”

ಗಂಡನ ಕೈ ದಿಂಬಿನ ಮೇಲೇ ನಿಂತಿತು. ಅವನ ಮುಖ ಬಿಳಿಚಿಕೊಂಡದ್ದನ್ನು ನೋಡಿದ ಮೇಲೆ ಉತ್ತರ ಬೇಕಿರಲಿಲ್ಲ. ಸುಳ್ಳಾಗಲಿ ಎಂದು ಅವಳು ಹಾರೈಸಿದ ಅನುಮಾನ ಬಾಳಿನಲ್ಲಿ ಇದೊಂದೇ.

“ಅಕ್ಕ, ಭಾವನ ತಪ್ಪಿಲ್ಲ” ಎಂದ ತಮ್ಮ ಮಂಚದಿಂದಲೇ. “ಬಿಗೀಬೇಡಿ ಅಂದಿದ್ದು ನಾನು. ಹೋದ ವರ್ಷ ಬಟ್ಟೆ ಸರಿದು ಬೆಲ್ಟ್ ಕಾಣಿಸ್ತು. ಮುಂದಿನ ಸಾಲಲ್ಲಿ ನಕ್ಕರು. ವರ್ಷವೆಲ್ಲ ‘ಬೆಲ್ಟ್ ಸ್ವಾಮಿ’ ಅಂತ ಕರೆದ್ರು. ಒಂದು ಸಲವಾದ್ರೂ ನಿಜವಾಗಿ ನೇತಾಡ್ಬೇಕು ಅನ್ನಿಸ್ತು. ಬಿಸಿಲಿಗೆ ತಲೆ ಸುತ್ತಿ ಕೈ ಜಾರುತ್ತೆ ಅಂತ ಗೊತ್ತಿರ್ಲಿಲ್ಲ. ಯಾರಿಗೂ ಹೇಳ್ಬೇಡಿ ಅಂತ ಭಾವನ ಬಾಯಿ ಕಟ್ಟಿದ್ದೂ ನಾನೇ.”

“ನಿನ್ನ ತಲೆ!”

“ಯೇಸುವನ್ನ ಯಾರೂ ಕೊಲ್ಲಲಿಲ್ಲ ಅಕ್ಕ. ತನ್ನ ಪ್ರಾಣ ತಾನೇ ಕೊಟ್ಟ. ಇದೂ ಹಾಗೇ ಅಂದ್ಕೋ.”

“ನೀನು ಯೇಸು ಅಲ್ಲ ಕಣೋ, ಪೇಂಟರು!” ಪಕ್ಕದ ಮಂಚದವರು ತಿರುಗಿ ನೋಡಿದರು. ಅವಳು ದನಿ ತಗ್ಗಿಸಿದಳು. “ಆಯ್ತು, ಅವನೇ ಕೊಟ್ಟ. ಅಪ್ಪನ ಚಿತ್ತ, ಮಗನ ಒಪ್ಪಿಗೆ, ಎಲ್ಲಾ ಇತ್ತು. ಹಾಗಂತ ಮೊಳೆ ಹೊಡೆದವರ ಕೈಯಲ್ಲಿ ಸುತ್ತಿಗೆ ಇರ್ಲಿಲ್ಲ ಅಂತಾಗುತ್ತಾ?”

ಗಂಡ ಕುಸಿದು ಕುಳಿತ. “ನಾನೇನೂ ಬೇಕಂತ ಮಾಡ್ಲಿಲ್ಲ ಕಣೇ. ಅವನ ಇಷ್ಟ ಅಂತ...”

“ದಿನಾ ಬೆಳಗಾದ್ರೆ ನಟ್ಟು ಬಿಗಿಯೋರು ನೀವು. ಡ್ರೈವರು ಬಂದು ಚಕ್ರದ ನಟ್ಟು ಬಿಗೀಬೇಡಿ, ನನ್ನಿಷ್ಟ ಅಂದ್ರೆ ಬಿಡ್ತೀರಾ?”

ಅವನು ಗ್ರೀಸು ಅಂಟಿದ ತನ್ನ ಬೆರಳುಗಳನ್ನು ನೋಡಿಕೊಂಡ.

“ಅದೂ ಹೋಗ್ಲಿ ರೀ. ಆ ಬಡಗಿಯ ಮೇಲೆ ಗೂಬೆ ಕೂರಿಸ್ತಾ ಇದ್ದಾಗ ನೀವು ನನ್ನ ಪಕ್ಕದಲ್ಲೇ ನಿಂತಿದ್ರಿ. ಒಂದು ಮಾತು ಆಡ್ಲಿಲ್ಲ.”

ಅಷ್ಟು ಹೇಳಿದವಳಿಗೆ ತನ್ನ ಮಾತೇ ಎದೆಗೆ ಚುಚ್ಚಿತು. ಗೂಬೆ ಕೂರಿಸಿದವಳು ಯಾರು?

ಇಬ್ಬರೂ ಶೆಡ್ಡಿಗೆ ಹೋದರು. ಗಂಡ ತಡವರಿಸುತ್ತ ಎಲ್ಲ ಹೇಳಿದ. ಮೇಸ್ತ್ರಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ.

“ಪಾದದ ಹತ್ರ ಇದ್ದೋನು ನಾನು. ಕೊಂಡಿ ಖಾಲಿ ನೇತಾಡ್ತಿದ್ದಿದ್ದನ್ನ ನೋಡಿದ್ದೆ” ಎಂದ. “ಆಟದ ಮಧ್ಯೆ ಸೈನಿಕರು ಮಾತಾಡಬಾರ್ದು ಅಂತ ಸುಮ್ಮನಿದ್ದೆ. ನನ್ನ ಪಾಲು ನಂಗೆ ಗೊತ್ತು, ರಾತ್ರಿ ನಿದ್ದೆ ಬರಲ್ಲ. ಪ್ರಮಾಣ ನೀನೂ ಮಾಡಿದ್ದೆ, ನಾನೂ ಮಾಡಿದ್ದೆ. ಬೈಗುಳ ತಿಂದೋನು ಮಾತ್ರ ನಾನೊಬ್ಬನೇ.”

“ತಪ್ಪಾಯ್ತು ಅಣ್ಣ” ಎಂದಳು ಚೆಕಿಂಗಮ್ಮ.

ಮೇಸ್ತ್ರಿಯ ಕಣ್ಣು ಕೆಂಪಾಯಿತು. “ನನ್ನ ಹಾಳು ಮಾಡಿದ್ದು ಊರೆಲ್ಲರ ಎದುರು. ತಪ್ಪಾಯ್ತು ಅನ್ನೋದು ಮಾತ್ರ ಷಟರ್ ಹಿಂದೆ ಬಂದಾ?”

ಭಾನುವಾರ ಪೂಜೆ ಮುಗಿದು ಜನ ಹೊರಗೆ ಬರುವಾಗ ಗಂಡ ಹೆಂಡತಿ ಚರ್ಚಿನ ಮೆಟ್ಟಿಲ ಮೇಲೆ ನಿಂತರು. ಫಾದರ್ ಬಾಗಿಲ ಬಳಿಯಿದ್ದರು. ಮೇಸ್ತ್ರಿ ಗೇಟಿನ ಹತ್ತಿರ ಒಬ್ಬನೇ ನಿಂತಿದ್ದ, ಅವನ ಪಕ್ಕ ಯಾರೂ ನಿಂತಿರಲಿಲ್ಲ. ಚೆಕಿಂಗಮ್ಮ ಗಂಡನ ಬಾಯನ್ನೇ ನೋಡುತ್ತಿದ್ದಳು. ಈ ಗಂಡಸನ್ನು ಅವಳು ಬಲ್ಲಳು. ‘ಅವನೇ ಕೇಳಿಕೊಂಡ’ ಎನ್ನುತ್ತಾನೆ, ‘ವಿಧಿ’ ಎನ್ನುತ್ತಾನೆ, ಬಿಸಿಲಿನ ಮೇಲೆ ಹಾಕುತ್ತಾನೆ. ಏನಾದರೊಂದು ಸಂದಿ ಹುಡುಕಿ ನುಸುಳುತ್ತಾನೆ.

“ಬೆಲ್ಟ್ ಬಿಗಿಯೋದು ನನ್ನ ಕೆಲಸ ಆಗಿತ್ತು” ಎಂದ ಗಂಡ. “ನಾನು ಬಿಗೀಲಿಲ್ಲ.”

ಅವಳು ಕಾದಳು. ಅವನು ಮುಂದೆ ಏನೂ ಸೇರಿಸಲಿಲ್ಲ. ತಮ್ಮನ ಹೆಸರು ಎತ್ತಲಿಲ್ಲ. ಅಷ್ಟು ವರ್ಷ ಜೊತೆಗೆ ಬಾಳಿ ಅವಳು ಅವನನ್ನು ಇಷ್ಟೊಂದು ಪ್ರೀತಿಸಿದ್ದು ಅದೇ ಮೊದಲಿರಬೇಕು, ಅಷ್ಟೇ ಕೋಪವೂ ಇತ್ತು.

ಜನ ಗುಸುಗುಸು ಎಂದರು. ಮುಂದೆ ನಿಂತಿದ್ದ ಮುದುಕಿಯೊಬ್ಬಳು ಲೊಚಗುಟ್ಟಿ, “ಹೋಗ್ಲಿ ಬಿಡಪ್ಪಾ, ಎಲ್ಲಾ ದೇವರ ಚಿತ್ತ” ಎಂದಳು. ಮೇಸ್ತ್ರಿಗೆ ಕೊಟ್ಟಿದ್ದ ಬಾಗಿಲಿನ ಕೆಲಸವನ್ನು ಎಲ್ಲರಿಗಿಂತ ಮೊದಲು ಬೇಡವೆಂದವಳು ಅವಳೇ. ಹಾಗೆಂದ ಮುದುಕಿ ಏನೋ ಹೊಳೆದವಳಂತೆ ಚೆಕಿಂಗಮ್ಮನತ್ತ ತಿರುಗಿದಳು.

“ಅಲ್ಲ ಕಣಮ್ಮ, ಹಲಗೆ ಕಿತ್ತಿದ್ದನ್ನ ನೀನು ಕಣ್ಣಾರೆ ಕಂಡೆ ಅಂದ್ಯಲ್ಲ?”

ಇಡೀ ಅಂಗಳ ಅವಳನ್ನೇ ನೋಡಿತು. ಜನರ ಮುಖ ಓದುತ್ತ ಬದುಕಿದವಳ ಮುಖವನ್ನು ಅವತ್ತು ಜನ ಓದುತ್ತಿದ್ದರು. ಗೇಟಿನ ಬಳಿ ಮೇಸ್ತ್ರಿ ತಲೆಯೆತ್ತಿದ.

“ಇಲ್ಲ” ಎಂದಳು. “ಕಣ್ಣು ಮುಚ್ಕೊಂಡಿದ್ದೆ.”