ಪಂಪು ಓಡಿದರೆ ಸಾಲದು

ಓರ್ಸೋಲಾಳ ಗೇಟಿನ ಬಳಿ ಈಗ ಯಾರೂ ನಿಲ್ಲುವುದಿಲ್ಲ. ಮೊದಲು ಹೀಗಿರಲಿಲ್ಲ. ಅವಳ ತೋಟದ ಕೆಂಪು ರಾಡಿಕ್ಕಿಯೊ ಸೊಪ್ಪಿಗೆಂದು ವೆನೆಟೊ ಪ್ರಾಂತ್ಯದ ಆ ಊರಿನ ಹೆಂಗಸರೆಲ್ಲ ಬಂದು, ಅವರಿವರ ಸುದ್ದಿ ಆಡಿ ಹೋಗುತ್ತಿದ್ದರು. ಮುಚ್ಚಿಹೋದ ಬಣ್ಣದ ಕಾರ್ಖಾನೆಯ ವಿಷ ಅಂತರ್ಜಲಕ್ಕೆ ಇಳಿದಿದೆ ಎಂದು ಗೊತ್ತಾದ ಮೇಲೆ ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ಈಗ ಅವಳು ಒಂದೇ ತಟ್ಟೆ ಇಟ್ಟುಕೊಂಡು, ರೇಡಿಯೊದವನ ಮಾತಿಗೆ ಉತ್ತರ ಕೊಡುತ್ತಾ ಉಣ್ಣುತ್ತಾಳೆ.

ವಿಷ ಮುಂದೆ ಸರಿಯದಂತೆ ಕಾರ್ಖಾನೆಯ ಅಂಚಿಗೆ ಸಾಲಾಗಿ ಕೊಳವೆಬಾವಿ ಕೊರೆದು, ಕೆಟ್ಟ ನೀರನ್ನು ಪಂಪಿನಿಂದ ಎತ್ತಿ ಶುದ್ಧ ಮಾಡುತ್ತಿದ್ದರು. ಆ ಸಾಲಿನಿಂದ ತಗ್ಗಿಗೆ ಓರ್ಸೋಲಾಳ ತೋಟ. ಅದರಾಚೆ ದಾನಿಲೊನ ಮನೆ. ಅಲ್ಲಿ ಅಡುಗೆಗೆ ಇನ್ನೂ ಬಾವಿ ನೀರೇ.

ಒಂದು ಬೆಳಿಗ್ಗೆ ಅಂತರ್ಜಲ ತಜ್ಞೆ ನಿವೆಸ್ ಬಂದಳು.

“ನಿಮ್ಮ ಬಾವಿಯ ನೀರಿನ ಮಟ್ಟ ಅಳೀಬೇಕಿತ್ತು, ಸಿನ್ಯೋರಾ.”

“ಅಳೆದು ಏನ್ ಮಾಡ್ತೀರಿ? ಪಂಪು ಹಗಲೂ ರಾತ್ರಿ ಬಡ್ಕೊಳ್ತಾ ಇದೆ, ನಂಗೆ ನಿದ್ದೆ ಇಲ್ಲ. ವಿಷ ನಿಂತಿರುತ್ತೆ ಬಿಡಿ.”

“ಪಂಪು ಓಡ್ತಿದೆ ಅಂದ್ರೆ ವಿಷ ನಿಂತಿದೆ ಅಂತಲ್ಲ. ಸುತ್ತಲ ನೀರು ಪಂಪಿನ ಕಡೆ ತಿರುಗಬೇಕು. ನೆಲದೊಳಗೂ ನೀರು ಎತ್ತರದಿಂದ ತಗ್ಗಿಗೇ ಹೋಗೋದು. ನಿಮ್ಮ ಬಾವಿ ಮಟ್ಟ ಪಂಪಿನ ಹತ್ತಿರದ್ದಕ್ಕಿಂತ ಮೇಲಿದ್ರೆ, ಇಲ್ಲಿಂದ ಅಲ್ಲಿಗೆ ಹರೀತಿದೆ, ಸರಿ. ಕೆಳಗಿದ್ರೆ ಅಲ್ಲಿಂದ ಇಲ್ಲಿಗೆ.”

“ಇಲ್ಲಿಂದ ಮುಂದೆ?”

“ದಾನಿಲೊ ಮನೆಗೆ.”

“ಆಮೇಲೆ ಎಲ್ಲಾ ನನ್ನ ಬಾವಿಯಿಂದಲೇ ಅಂತಾರೆ! ಈಗಲೇ ಯಾರೂ ಈ ಕಡೆ ತಲೆ ಹಾಕಲ್ಲ.”

“ಅಂದ್ರೂ ಅನ್ನಬಹುದು,” ಎಂದಳು ನಿವೆಸ್. “ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ.”

ಬೇಲಿಯಾಚೆ ದಾನಿಲೊನ ಹೆಂಡತಿ ಲೂಚಿಲ್ಲಾ ನೀರಿನ ಪಾತ್ರೆ ಎತ್ತಿಕೊಂಡು ಹೋಗುತ್ತಿದ್ದಳು. ಓರ್ಸೋಲಾಳನ್ನು ಕಂಡು ಮುಖ ತಿರುಗಿಸಿದಳು. ಓರ್ಸೋಲಾ ಸ್ವಲ್ಪ ಹೊತ್ತು ಆ ಪಾತ್ರೆಯನ್ನೇ ನೋಡಿದಳು. ಆಮೇಲೆ ಬಾವಿಯ ಮುಚ್ಚಳ ತೆಗೆದಳು.

ಮಟ್ಟ ಪಂಪಿನ ಬಳಿಯದಕ್ಕಿಂತ ಕೆಳಗಿತ್ತು. ಮಾದರಿ ತೆಗೆದರೆ, ವಿಷ ಹಿಂದಿಗಿಂತ ಹೆಚ್ಚಿತ್ತು. ಹುಡುಕಿದಾಗ, ಸಾಲಿನ ಒಂದು ಕೊಳವೆಬಾವಿಯೊಳಗೆ ನೀರು ಬರುವ ಜರಡಿ ತುಕ್ಕಿನಿಂದ ಕಟ್ಟಿಹೋಗಿದ್ದು ಗೊತ್ತಾಯಿತು. ಪಂಪಿನ ಸದ್ದು ಇತ್ತು, ನೀರು ಬರುತ್ತಿರಲಿಲ್ಲ.

ದಾನಿಲೊನ ಬಾವಿಗೆ ವಿಷ ಇನ್ನೂ ಮುಟ್ಟಿರಲಿಲ್ಲ. ಅವನ ಮನೆಗೆ ಕೂಡಲೇ ನಲ್ಲಿ ನೀರು ಕೊಟ್ಟರು. ಜರಡಿ ತೊಳೆದು, ಪಕ್ಕದಲ್ಲಿ ಇನ್ನೊಂದು ಕೊಳವೆಬಾವಿ ಕೊರೆದರು. ಮಳೆಗಾಲದಲ್ಲೂ, ಹೊಲಕ್ಕೆ ನೀರು ಹಾಯಿಸುವ ಬೇಸಿಗೆಯಲ್ಲೂ ನಿವೆಸ್ ಬಂದು ಅಳೆದಳು.

“ನೀರು ಪಂಪಿನ ಕಡೆ ತಿರುಗಿದೆ, ಸಿನ್ಯೋರಾ. ವಿಷಾನೂ ಇಳೀತಿದೆ.”

“ಹಾಗಾದ್ರೆ ಕುಡೀಬಹುದಾ?”

“ಇಲ್ಲ. ಇನ್ನೂ ವರ್ಷಗಳೇ ಬೇಕು.”

ಓರ್ಸೋಲಾ ತಲೆಯಾಡಿಸಿದಳು. ಆ ಸಂಜೆ ಲೂಚಿಲ್ಲಾ ಬಂದಳು. ಒಳಗೆ ಬರಲಿಲ್ಲ, ಗೇಟಿನ ಆಚೆಯೇ ನಿಂತಳು.

“ಆ ತಜ್ಞೆ ಮತ್ತೆ ಬಂದ್ರೆ ನಮ್ಮನೆಗೂ ಕಳಿಸ್ತೀರಾ? ನಮ್ಮ ಬಾವೀನೂ ಮತ್ತೆ ಅಳೀಲಿ ಅಂತಿದಾರೆ ಇವ್ರು.”

“ಕಳಿಸ್ತೀನಿ,” ಎಂದಳು ಓರ್ಸೋಲಾ. ಇನ್ನೇನಾದರೂ ಹೇಳುತ್ತಾಳೇನೋ ಎಂದು ಕಾದಳು. ಲೂಚಿಲ್ಲಾ ಹೊರಟುಹೋದಳು.

ಓದುವವರೇ, ನಿಮ್ಮೂರಲ್ಲೂ ಕೆಟ್ಟ ನೀರನ್ನು ಪಂಪಿನಿಂದ ತಡೆಯುತ್ತಿದ್ದರೆ, ಅದರ ಸದ್ದು ಕೇಳಿ ಸುಮ್ಮನಾಗಬೇಡಿ. ನೀರು ಯಾವ ಕಡೆ ಹರಿಯುತ್ತಿದೆ, ವಿಷ ಇಳಿಯುತ್ತಿದೆಯೇ ಎಂದು ಕೇಳಿ. ಅಳೆಯುವವರು ಬಂದರೆ ನಿಮ್ಮ ಬಾವಿ ತೆರೆದು ತೋರಿಸಿ. ಹಾಗೆ ತೋರಿಸಿದವರು ನಿಮ್ಮ ಬೀದಿಯಲ್ಲಿದ್ದರೆ, ದಯವಿಟ್ಟು ಒಮ್ಮೆ ಅವರ ಮನೆಯೊಳಗೆ ಹೋಗಿ ಕುಳಿತು ಬನ್ನಿ.